ಕೀಲಿಕೈ ಸದ್ದು ಅಗೌರವವಲ್ಲ

ಇಟಲಿಯಲ್ಲಿ ಕೊಲೆಯಾದ ವಿದ್ಯಾರ್ಥಿನಿ ಜೂಲಿಯಾ ಚೆಕ್ಕೆತ್ತಿನ್‌ಳ ಅಂತ್ಯಕ್ರಿಯೆ ದಿನ ಪಡುವಾ ನಗರದಲ್ಲಿ ಜನ ಕೀಲಿಕೈ ಅಲ್ಲಾಡಿಸಿ ಸದ್ದು ಮಾಡಿದ್ದು ಅಗೌರವ ಅಲ್ಲವಾ ಅಂತ ಕೇಳಿದ್ದೀರಿ. ಖಂಡಿತ ಅಲ್ಲ. 2023ರ ನವೆಂಬರ್‌ನಲ್ಲಿ ಸತ್ತಾಗ ಅವಳಿಗೆ ಬರೀ 22 ವರ್ಷ, ಎಂಜಿನಿಯರಿಂಗ್ ಪದವಿ ಕೈಗೆ ಸಿಗಲು ಕೆಲವೇ ದಿನ ಬಾಕಿ. ಕೊಂದವನು ಅವಳು ಬಿಟ್ಟು ಬಂದಿದ್ದ ಗೆಳೆಯ. ಮರುವರ್ಷ ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಶಾಲೆಗಳಲ್ಲಿ ಒಂದು ನಿಮಿಷ ಮೌನ ಆಚರಿಸಿ ಎಂದಿತು ಸರ್ಕಾರ. ಮೌನ ಬೇಡವೇ ಬೇಡ ಅಂದಳು ಅವಳ ಅಕ್ಕ. ಎಷ್ಟೋ ಕಡೆ ಮಕ್ಕಳು ಗದ್ದಲವನ್ನೇ ಮಾಡಿದರು.

ಇನ್ನು ಕೀಲಿಕೈ. ರಾತ್ರಿ ಒಬ್ಬಳೇ ನಡೆದು ಬರುವ ಹೆಣ್ಣುಮಗಳು ಅದನ್ನು ಬೆರಳ ಸಂದಿಯಲ್ಲಿ ಬಿಗಿಹಿಡಿದಿರುತ್ತಾಳೆ, ತುದಿ ಹೊರಗೆ ಚಾಚಿ, ಯಾರಾದರೂ ಮೇಲೆರಗಿದರೆ ತಿವಿಯಲು. ಚರ್ಚಿನ ಹೊರಗೆ ಗಲಗಲ ಅಂದಿದ್ದು ಅದೇ ಕೀಲಿ. ನನ್ನ ಮಗಳೂ ಹಾಗೇ ಹಿಡಿದು ಬಂದಿದ್ದಳು ಒಮ್ಮೆ. ಬಾಗಿಲಲ್ಲಿ ಅವಳ ಮುಷ್ಟಿ ನೋಡಿ ನನ್ನೆದೆ ಧಸಕ್ಕೆಂದಿತ್ತು.