ಕಂಪನಿ ಊರು ಬಿಡದಿರಲೆಂದು ನಗರಾಡಳಿತ ಸಾಲ ಕೊಡುವುದು ಸರಿಯೇ?

ಅಮೆರಿಕದ ಒಹಾಯೊ ರಾಜ್ಯದಲ್ಲಿ ನೀವಿರುವ ಊರಿನ ನಗರಾಡಳಿತವು ಅಲ್ಲಿನ ಕಾರ್ಖಾನೆಯೊಂದು ಬೇರೆ ರಾಜ್ಯಕ್ಕೆ ಹೋಗದಿರಲೆಂದು ಮನ್ನಾ ಆಗಬಲ್ಲ ಸಾಲ ಕೊಡಲು ಹೊರಟಿದೆ, ಇದು ತೆರಿಗೆದಾರರ ದುಡ್ಡನ್ನು ನೀರಿಗೆ ಹಾಕಿದಂತಲ್ಲವೇ ಎಂದು ಕೇಳಿದ್ದೀರಿ. ಸಾರಾಸಗಟಾಗಿ ಹಾಗೆನ್ನಲಾಗದು, ಆದರೆ ಕರಾರುಪತ್ರ ಓದದೆ ಒಪ್ಪಿಗೆ ಸೂಚಿಸಬೇಡಿ ಎಂದಷ್ಟೇ ಹೇಳಬಲ್ಲೆ.

ಇಂಥ ಸಾಲಕ್ಕೆ ಬಡ್ಡಿ ಇಲ್ಲದಿರಬಹುದು, ಇದ್ದರೂ ಸಾಮಾನ್ಯವಾಗಿ ಕಡಿಮೆ. ಕಂಪನಿಯು ಗೊತ್ತುಪಡಿಸಿದಷ್ಟು ವರ್ಷ ಅಲ್ಲೇ ಉಳಿದು, ಒಪ್ಪಿಕೊಂಡಷ್ಟು ಜನರಿಗೆ ಕೆಲಸ ಕೊಟ್ಟರೆ ಅಸಲು ವರ್ಷವರ್ಷವೂ ಅಷ್ಟಷ್ಟು ಮನ್ನಾ ಆಗುತ್ತದೆ. ಮಾತು ತಪ್ಪಿದರೆ ಬಾಕಿಯನ್ನು ಬಡ್ಡಿ ಸಮೇತ ಕಟ್ಟಬೇಕು. ಕಟ್ಟಿಸಿಕೊಳ್ಳುವುದು ಹೇಗೆ ಎಂಬುದೇ ತೊಡಕಿನ ವಿಷಯ. ಕಟ್ಟಡ ಮತ್ತು ಯಂತ್ರಗಳ ಮೇಲೆ ಬ್ಯಾಂಕಿಗೆ ಮೊದಲ ಹಕ್ಕಿದ್ದು ನಗರಕ್ಕೆ ಎರಡನೆಯದು ಮಾತ್ರ ಇದ್ದರೆ, ಕಂಪನಿ ದಿವಾಳಿಯಾದಾಗ ನಗರದ ಪಾಲಿಗೆ ಏನೂ ಉಳಿಯದಿರಬಹುದು. ಹಾಗಾಗಿ ಆ ಕಂಪನಿಯ ಒಡೆತನವಿರುವ ಮಾತೃಸಂಸ್ಥೆಯ ಜಾಮೀನನ್ನು ಮೊದಲೇ ಬರೆಸಿಕೊಳ್ಳಬೇಕು. 2010ರಲ್ಲಿ ರೋಡ್ ಐಲೆಂಡ್ ರಾಜ್ಯವು 38 ಸ್ಟುಡಿಯೋಸ್ ಎಂಬ ವಿಡಿಯೊ ಗೇಮ್ ಕಂಪನಿಯನ್ನು ಪ್ರಾವಿಡೆನ್ಸ್‌ಗೆ ಕರೆತರಲು (ಉಳಿಸಿಕೊಳ್ಳಲು ಅಲ್ಲ, ನಿಜ) 7.5 ಕೋಟಿ ಡಾಲರ್ ಸಾಲಕ್ಕೆ ಹೊಣೆ ನಿಂತಿತು. 2012ರಲ್ಲಿ ಕಂಪನಿ ದಿವಾಳಿಯೆದ್ದಿತು, ಸಾಲ ರಾಜ್ಯದ ತಲೆಗೆ ಬಂತು.

ಹಣದ ಮೂಲವನ್ನೂ ವಿಚಾರಿಸಿ. ಅದು ಅಮೆರಿಕದ ಕೇಂದ್ರ ಸರ್ಕಾರ ಊರುಗಳ ಅಭಿವೃದ್ಧಿಗೆಂದು ಕೊಡುವ ಅನುದಾನವಾದ ಸಮುದಾಯ ಅಭಿವೃದ್ಧಿ ಬ್ಲಾಕ್ ಗ್ರಾಂಟ್‌ನದಾಗಿದ್ದು, ಉದ್ಯೋಗ ಉಳಿಸುವ ಹೆಸರಿನಲ್ಲಿ ಕೊಡುತ್ತಿದ್ದರೆ, ನೆರವಿಲ್ಲದಿದ್ದಲ್ಲಿ ಆ ಕೆಲಸಗಳು ಹೋಗುತ್ತಿದ್ದವು ಎಂಬುದಕ್ಕೆ ಸ್ಪಷ್ಟ ಪುರಾವೆ ಕಡತದಲ್ಲಿರಬೇಕು. ಇದು ನನಗೆ ತೀರ ಮುಖ್ಯವೆನಿಸುವ ಷರತ್ತು, ಏಕೆಂದರೆ ಹೋಗುತ್ತೇವೆಂದು ಹೆದರಿಸಿ ಸವಲತ್ತು ಗಿಟ್ಟಿಸುವ ಕಂಪನಿಗಳಿಗೇನೂ ಬರವಿಲ್ಲ. ಕರ್ನಾಟಕದಲ್ಲಿ ಇಂಥ ರಿಯಾಯಿತಿಗಳು ರಾಜ್ಯದ ಕೈಗಾರಿಕಾ ನೀತಿಯಿಂದ ಬರುತ್ತವೆಯೇ ಹೊರತು ನಗರಸಭೆಯಿಂದಲ್ಲ, ಹಾಗಾಗಿ ಇದು ನಿಮಗೆ ಹೊಸದಾಗಿ ಕಂಡಿರಬಹುದು.

ನಿಜವಾಗಿಯೂ ಹೊರಡಲು ನಿರ್ಧರಿಸಿದ ಕಂಪನಿಯನ್ನು ಮಾತ್ರ ಸಾಲದಿಂದ ಕಟ್ಟಿಹಾಕಲಾಗದು. ಮಿಷಿಗನ್ನಿನ ಗ್ರೀನ್‌ವಿಲ್ ಸುಮಾರು 8,000 ಜನರ ಊರು. ಅಲ್ಲಿನ ಎಲೆಕ್ಟ್ರೋಲಕ್ಸ್ ರೆಫ್ರಿಜರೇಟರ್ ಕಾರ್ಖಾನೆಯಲ್ಲಿ 2,700 ಮಂದಿ ದುಡಿಯುತ್ತಿದ್ದರು. ಕಂಪನಿ ಮೆಕ್ಸಿಕೋದತ್ತ ನೋಡತೊಡಗಿದಾಗ ನಗರ, ರಾಜ್ಯ ಮತ್ತು ಕಾರ್ಮಿಕ ಸಂಘ ಒಟ್ಟಾಗಿ ತೆರಿಗೆ ವಿನಾಯಿತಿ, ಹೊಸ ಕಟ್ಟಡಕ್ಕೆ ನೆರವು, ವೇತನ ಕಡಿತ ಎಲ್ಲವನ್ನೂ ಮುಂದಿಟ್ಟವು. ಆಗ ಮಿಷಿಗನ್ನಿನ ಗವರ್ನರ್ ಆಗಿದ್ದ ಜೆನಿಫರ್ ಗ್ರಾನ್‌ಹೋಮ್ ಮುಂದೆ ನೆನೆದಂತೆ, ಕಂಪನಿಯ ಅಧಿಕಾರಿಗಳು ಹದಿನೇಳು ನಿಮಿಷ ಹೊರಗೆ ಹೋಗಿ ಬಂದು, ಇಷ್ಟು ಉದಾರವಾದ ಕೊಡುಗೆ ಯಾರೂ ಕೊಟ್ಟಿರಲಿಲ್ಲ, ಆದರೆ ಮೆಕ್ಸಿಕೋದ ಹ್ವಾರೆಸ್‌ನಲ್ಲಿ ಗಂಟೆಗೆ 1.57 ಡಾಲರ್ ಕೂಲಿಗೆ ಜನ ಸಿಗುತ್ತಾರೆ ಎಂದರಂತೆ. 2006ರಲ್ಲಿ ಕಾರ್ಖಾನೆ ಮುಚ್ಚಿತು.

ಹಾಗಾಗಿ ನಿಮ್ಮ ಕಂಪನಿ ಹೊರಡಲು ಕಾರಣವೇನೆಂದು ನಗರ ಮಂಡಳಿಯ ಸಭೆಯಲ್ಲಿ ಮೊದಲು ಕೇಳಿ: ಹಳೆಯ ಯಂತ್ರಗಳನ್ನು ಬದಲಾಯಿಸಲು ಬಂಡವಾಳದ ಕೊರತೆ ಕಾರಣವಾದರೆ ಸಾಲ ಕೆಲಸಕ್ಕೆ ಬರುತ್ತದೆ, ಕೂಲಿಯೋ ಗಿರಾಕಿಗಳ ದೂರವೋ ಕಾರಣವಾದರೆ ಬಾರದು. ಅರೆಕಾಲಿಕ ಮತ್ತು ಗುತ್ತಿಗೆ ನೌಕರರು ತಲೆಯೆಣಿಕೆಗೆ ಸೇರುತ್ತಾರೆಯೇ, ವರ್ಷದ ಕೊನೆಗೆ ಸಂಬಳದ ದಾಖಲೆಯನ್ನು ನಗರವೇ ತರಿಸಿ ನೋಡುತ್ತದೆಯೇ ಅಥವಾ ಕಂಪನಿ ಬರೆದುಕೊಟ್ಟ ಪತ್ರವನ್ನೇ ನಂಬುತ್ತದೆಯೇ ಎಂಬುದನ್ನೂ ಬಿಡದೆ ವಿಚಾರಿಸಿ.