ಧಕ್ಕೆ ಕೊಡಿ, ತಕ್ಕಡಿ ಕೊಡಬೇಡಿ

ಪೀಣ್ಯದ ಓದುಗರೊಬ್ಬರ ಪತ್ರ: ‘ನಮ್ಮ ಕಂಟೇನರು ಮಂಗಳೂರು ಬಿಟ್ಟು ಚೆನ್ನೈಗೆ ಹೋಗುತ್ತದೆ. ಪಣಂಬೂರಿನ ಬಂದರನ್ನು ಪೂರ್ತಿ ಖಾಸಗಿಯವರಿಗೆ ಕೊಟ್ಟರೆ ಸರಿಹೋಗದೇ? ಸರ್ಕಾರಕ್ಕೆ ಅಲ್ಲೇನು ಕೆಲಸ?’

ಸಂಪಾದಕರ ಉತ್ತರ:

ಮೊದಲು ಚೆನ್ನೈ ಮಾತು. ಅದಕ್ಕೂ ಬಂದರಿನ ಒಡೆತನಕ್ಕೂ ಸಂಬಂಧ ಕಡಿಮೆ. ವೈಟ್‌ಫೀಲ್ಡ್ ಕಂಟೇನರ್ ಡಿಪೋದ ರೈಲು ಪಶ್ಚಿಮಕ್ಕೆ ಹೊರಟರೆ ಸಕಲೇಶಪುರ–ಸುಬ್ರಹ್ಮಣ್ಯದ ನಡುವೆ 55 ಕಿ.ಮೀ. ಘಾಟಿ ಇಳಿಯಬೇಕು, 50 ಮೀಟರಿಗೆ ಒಂದು ಮೀಟರ್ ಇಳಿಜಾರು. ಮಳೆಗಾಲದಲ್ಲಿ ಗುಡ್ಡ ಜರಿದರೆ ಹಳಿಯೂ ಬಂದ್, ಶಿರಾಡಿ ರಸ್ತೆಯೂ ಬಂದ್. ಇನ್ನು ಪಣಂಬೂರಿನ ಕಂಟೇನರ್ ಧಕ್ಕೆ (ಹಡಗು ನಿಂತು ಸರಕು ಇಳಿಸುವ ಕಟ್ಟೆ) ಈಗಾಗಲೇ ಖಾಸಗಿಯವರ ಕೈಯಲ್ಲೇ ಇದೆ.

ಸರ್ಕಾರ ಬಿಡಬಾರದ ಮೊದಲ ಕೆಲಸ ಹಡಗು ಒಳಬರುವ ಕಾಲುವೆ. ಪ್ರತಿ ಮಳೆಗಾಲ ಅದರಲ್ಲಿ ಹೂಳು ಕೂರುತ್ತದೆ. ಪನಾಮ್ಯಾಕ್ಸ್ ಎಂಬ ದೊಡ್ಡ ಸರಕು ಹಡಗು ಒಂದು ಸೆಂ.ಮೀ. ಮುಳುಗಿತೆಂದರೆ ಸುಮಾರು 65 ಟನ್ ಸರಕು, 30 ಸೆಂ.ಮೀ. ಹೂಳು ಉಳಿದರೆ ಸುಮಾರು 2,000 ಟನ್ ಕಡಿಮೆ ಹೇರಬೇಕು. ಈ ಕಾಲುವೆ ಒಬ್ಬ ಗುತ್ತಿಗೆದಾರನ ಕೈಗೆ ಹೋದರೆ ಪಕ್ಕದ ಧಕ್ಕೆಯ ಎದುರಾಳಿ ಅವನ ಮರ್ಜಿ ಕಾಯಬೇಕಾಗುತ್ತದೆ.

ಗುತ್ತಿಗೆದಾರ ಸರಕಿಗೆ ಹಾಕುವ ದರದ ವಿಷಯದಲ್ಲಿ ಮಾತ್ರ ಸರ್ಕಾರ ಕೈ ಹಿಂದೆಗೆದದ್ದು ಸರಿ. ಹಿಂದೆ ಆದಾಯದಲ್ಲಿ ಹೆಚ್ಚು ಪಾಲು ಕೊಡುತ್ತೇನೆಂದವರಿಗೆ ಗುತ್ತಿಗೆ ಸಿಗುತ್ತಿತ್ತು. ನೂರಕ್ಕೆ 40 ಕೊಡುತ್ತೇನೆಂದು ಗೆದ್ದವನು ಉಳಿದ 60ರಲ್ಲೇ ಕ್ರೇನು, ಡೀಸೆಲ್, ಸಾಲದ ಕಂತು ತೂಗಿಸಬೇಕು. ದರ ಕಟ್ಟುತ್ತಿದ್ದುದು ಮಾತ್ರ 1997ರಲ್ಲಿ ಬಂದ ದರ ಪ್ರಾಧಿಕಾರ. ಹಣ ಸಾಲದಾಗ ಮೊದಲು ನಿಲ್ಲುವುದು ಕ್ರೇನಿನ ದುರಸ್ತಿ. 2021ರ ಪ್ರಮುಖ ಬಂದರು ಪ್ರಾಧಿಕಾರ ಕಾಯ್ದೆ ದರ ಪ್ರಾಧಿಕಾರದ ಆ ವ್ಯವಸ್ಥೆಯನ್ನು ಕೊನೆಗೊಳಿಸಿತು. ಹೊಸ ಮಾದರಿ ಗುತ್ತಿಗೆಯಲ್ಲಿ ಟನ್ನಿಗೆ, ಕಂಟೇನರಿಗೆ ಇಷ್ಟೆಂದು ಬಂದರಿಗೆ ರಾಯಧನ.

ಟನ್ನಿನ ಮೇಲೆ ರಾಯಧನ ಎಂದಮೇಲೆ ತೂಗುವವರು ಯಾರು? ಕಲ್ಲಿದ್ದಲಿನ ಹಡಗನ್ನು ತಕ್ಕಡಿಗೆ ಏರಿಸಲಾಗದು. ಎರಡೂ ಬದಿಯಲ್ಲಿ ಮುಂದೆ, ನಡುವೆ, ಹಿಂದೆ, ಹೀಗೆ ಆರು ಕಡೆ ಹಡಗಿನ ಮೈಮೇಲೆ ಬರೆದ ಮುಳುಗಿನ ಆಳದ ಅಂಕಿ ಓದಿ, ಬಕೆಟ್ಟಿನಲ್ಲಿ ನೀರೆತ್ತಿ ಸಾಂದ್ರತೆ ಅಳೆದು, ಸರಕು ಇಳಿಸುವ ಮೊದಲಿನ ಮತ್ತು ನಂತರದ ಲೆಕ್ಕ ಕಳೆಯುತ್ತಾರೆ. ಅಲೆಯಿದ್ದರೆ ಅಂಕಿ ಕಣ್ಣೆದುರೇ ಏರಿಳಿಯುತ್ತದೆ. ಸಾಂದ್ರತೆ 1.025 ಇದ್ದದ್ದನ್ನು 1.020 ಎಂದು ಬರೆದರೆ 50,000 ಟನ್ನಿಗೆ ಸುಮಾರು 240 ಟನ್ ಲೆಕ್ಕದಿಂದ ಜಾರುತ್ತದೆ. ಹಾಗಾಗಿ ಬಂದರಿನ ಸರ್ವೇಯರ್ ಎದುರಿಗಿರಬೇಕು, ಸಹಿ ಜಂಟಿಯಾಗಿರಬೇಕು, ಲಾರಿ ತೂಕದ ಚೀಟಿ ನೇರ ಬಂದರಿನ ಕಂಪ್ಯೂಟರಿಗೆ ಬೀಳಬೇಕು.

ಹಾಗೆಂದು ಸರ್ಕಾರದ ಒಡೆತನವನ್ನೇ ನಂಬಿ ಕೂರುವಂತೆಯೂ ಇಲ್ಲ. ಬೇಲೆಕೇರಿ ರಾಜ್ಯ ಸರ್ಕಾರದ್ದೇ ಬಂದರು. 2010ರಲ್ಲಿ ಅರಣ್ಯ ಇಲಾಖೆ ಅಲ್ಲಿ ಜಪ್ತಿ ಮಾಡಿಟ್ಟಿದ್ದ ಲಕ್ಷಾಂತರ ಟನ್ ಅದಿರು ಹಡಗೇರಿ ಹೋಯಿತು. ಅದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ನಿಮ್ಮ ಕೈಗಾರಿಕಾ ಸಂಘ ಬಂದರು ಪ್ರಾಧಿಕಾರಕ್ಕೆ ಪತ್ರ ಬರೆಯುವುದಾದರೆ ಖಾಸಗೀಕರಣ ಬೇಡಬೇಡಿ. ಗುತ್ತಿಗೆಯಲ್ಲಿ ಕ್ರೇನು ಗಂಟೆಗೆ ಎಷ್ಟು ಕಂಟೇನರ್ ಎತ್ತಬೇಕೆಂದಿದೆ, ಕಳೆದ ತಿಂಗಳು ಎಷ್ಟು ಎತ್ತಿತು, ಕೊರತೆಗೆ ದಂಡ ವಸೂಲಾಯಿತೇ ಎಂದು ಕೇಳಿ.