ಸಂದೀಪರು ಗರ್ಜಿಸಲಿಲ್ಲ

ಪ್ರಿಯರೇ,

ನವೆಂಬರ್ ಸಂಚಿಕೆಗೆಂದು ನೀವು ಕಳುಹಿಸಿದ, 2008ರ ಮುಂಬೈ ಭಯೋತ್ಪಾದಕ ದಾಳಿಯ ವೇಳೆ ತಾಜ್ ಹೋಟೆಲಿನಲ್ಲಿ ಹೋರಾಡಿ ಮಡಿದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರನ್ನು ಕುರಿತ ನುಡಿನಮನ ತಲುಪಿತು. ಭಾಷೆ ಶುದ್ಧವಾಗಿದೆ, ಕಾಗುಣಿತ ಸರಿಯಾಗಿದೆ, ಯಲಹಂಕದಲ್ಲಿ ಅವರ ಹೆಸರು ಹೊತ್ತ ರಸ್ತೆಯಿಂದ ಆರಂಭಿಸಿರುವುದು ಒಳ್ಳೆಯ ಯೋಚನೆ. ಎರಡನೆಯ ಪುಟಕ್ಕೆ ಬಂದಾಗ ನನಗೆ ಸಿಟ್ಟು ಬಂತು. ಅದು ಇನ್ನೂ ಆರದ ಕಾರಣ, ಎಂದಿನ ಎರಡು ಸಾಲಿನ ವಿಷಾದಪತ್ರ ಬಿಟ್ಟು ಇಷ್ಟುದ್ದ ಬರೆಯುತ್ತಿದ್ದೇನೆ.

'ಸಿಂಹದಂತೆ ಗರ್ಜಿಸುತ್ತ ಸಂದೀಪರು ತಾಜ್ ಹೋಟೆಲಿನ ಮೆಟ್ಟಿಲುಗಳನ್ನೇರಿದರು' ಎಂದು ಬರೆದಿದ್ದೀರಿ. ದಯವಿಟ್ಟು ಆ ಮೆಟ್ಟಿಲಿನ ಮೇಲೆ ಒಮ್ಮೆ ನೀವೇ ನಿಂತು ನೋಡಿ. ಯಾವ ಬಾಗಿಲ ಹಿಂದೆ ಬಂದೂಕು ಕಾದಿದೆ, ಯಾವುದರ ಹಿಂದೆ ಅತಿಥಿಗಳು ಉಸಿರು ಬಿಗಿಹಿಡಿದು ಕುಳಿತಿದ್ದಾರೆ ಎಂಬುದು ತಿಳಿಯದ ಕಟ್ಟಡವದು. ಅಂಥಲ್ಲಿ ಕಮಾಂಡೊ ಆದವನು ಹೆಜ್ಜೆಯ ಸಪ್ಪಳವನ್ನೂ ಅಡಗಿಸಿಕೊಂಡು ಸಾಗುತ್ತಾನೆಯೇ ಹೊರತು, ಗರ್ಜಿಸಿ ತಾನಿರುವ ಜಾಗವನ್ನು ಶತ್ರುವಿಗೆ ಸಾರುವುದಿಲ್ಲ. ಸಂದೀಪರಿದ್ದ ಕಮಾಂಡೊ ಪಡೆಯಾದ ಎನ್‌ಎಸ್‌ಜಿಯವರನ್ನು ಜನ ಕರೆಯುವುದೂ ಬ್ಲ್ಯಾಕ್ ಕ್ಯಾಟ್ ಎಂದೇ. ಬೆಕ್ಕಿನ ನಡಿಗೆ ಬಲ್ಲವರಿಗೆ ಸಿಂಹದ ಹಂಗು ಬೇಕಿಲ್ಲ.

ಮುಂದಿನ ಸಾಲು: 'ಅಸಂಖ್ಯಾತ ಜೀವಗಳನ್ನು ಉಳಿಸಿದರು.' ಅವರಿಗೆ ಸಂದ ಶೌರ್ಯಪದಕ ಅಶೋಕ ಚಕ್ರದ ಉಲ್ಲೇಖಪತ್ರದಲ್ಲಿ ಸಂಖ್ಯೆಯಿದೆ: 14 ಒತ್ತೆಯಾಳುಗಳು. ಹದಿನಾಲ್ಕು ಎಂದರೆ ಓದುಗ ಹದಿನಾಲ್ಕು ಮನೆಗಳನ್ನು ನೆನೆಯುತ್ತಾನೆ, ಅಸಂಖ್ಯಾತ ಎಂದರೆ ಯಾರನ್ನೂ ನೆನೆಯುವುದಿಲ್ಲ.

ಅದರ ಮುಂದಿನದು: 'ಸಾವನ್ನು ನಗುನಗುತ್ತ ಅಪ್ಪಿಕೊಂಡರು.' ನಕ್ಕದ್ದನ್ನು ಕಂಡವರು ಯಾರು? ಅದೇ ಉಲ್ಲೇಖಪತ್ರ ಹೇಳುವುದಿಷ್ಟು: ತಂಡದ ಮೇಲೆ ಗುಂಡಿನ ಸುರಿಮಳೆಯಾಗಿ ಒಬ್ಬ ಕಮಾಂಡೊ ತೀವ್ರವಾಗಿ ಗಾಯಗೊಂಡಾಗ, ಸಂದೀಪರು ಗುರಿಯಿಟ್ಟು ಗುಂಡು ಹಾರಿಸಿ ಭಯೋತ್ಪಾದಕರನ್ನು ಕದಲದಂತೆ ಮಾಡಿ ಆತನನ್ನು ಸುರಕ್ಷಿತ ಜಾಗಕ್ಕೆ ಸಾಗಿಸಿದರು; ಆ ಹೊತ್ತಿನಲ್ಲಿ ಅವರ ಬಲಗೈಗೆ ಗುಂಡು ತಗುಲಿತು; ಆದರೂ ಕೊನೆಯುಸಿರಿನವರೆಗೆ ಹೋರಾಡಿದರು. ಬದುಕಿಸಲು ಹೋದವರನ್ನು ನೀವು ಸಾಯಲು ಹೋದವರನ್ನಾಗಿ ಮಾಡಿದ್ದೀರಿ. ಆಗ ಅವರಿಗೆ 31 ವರ್ಷ.

ನನ್ನನ್ನು ಹೆಚ್ಚು ಕೆರಳಿಸಿದ್ದು ಮಾತ್ರ, ಅವರ ಬಾಯಲ್ಲಿ ನೀವಿಟ್ಟಿರುವ ಹನ್ನೊಂದು ಸಾಲಿನ ಸ್ವಗತ. ಜೊತೆಗಾರರಿಗೆ ಅವರು ಹೇಳಿದ ಕೊನೆಯ ಮಾತೆಂದು ಜನಜನಿತವಾಗಿರುವುದು, 'ಮೇಲೆ ಬರಬೇಡಿ, ನಾನು ನೋಡಿಕೊಳ್ಳುತ್ತೇನೆ' ಎಂಬುದು. ಕಚೇರಿಯಲ್ಲಿ ದಿನಕ್ಕೆ ಹತ್ತು ಸಲ ಕಿವಿಗೆ ಬೀಳುವಂಥ ಮಾತು. ಅದನ್ನು ತೆಗೆದುಹಾಕಿ, ಮಾತೃಭೂಮಿಗೆ ಸಂಬೋಧನೆ, ಎರಡು ಉಪಮೆ ಮತ್ತು ಒಂದು ಪ್ರಾಸ ತುಂಬಿದ್ದೀರಿ.

ಇದೇ ತಪ್ಪನ್ನು ನಾನೂ ಮಾಡಿದವನೇ. ಪತ್ರಿಕೆಯೊಂದರಲ್ಲಿ ಉಮೇದುವಾರನಾಗಿದ್ದಾಗ, ಗಡಿಯಲ್ಲಿ ಮಡಿದ ಸೈನಿಕನೊಬ್ಬನ ಊರಿಗೆ ನನ್ನನ್ನು ಕಳುಹಿಸಿದ್ದರು. ರಾತ್ರಿ ಮರಳಿ ಬಂದು, 'ಕಂಬನಿಯ ಕಡಲಲ್ಲಿ ಮುಳುಗಿದ ಗ್ರಾಮ' ಎಂದು ಶುರು ಮಾಡಿ ಆರು ಹಾಳೆ ತುಂಬಿಸಿದೆ. ಹಿರಿಯ ಉಪಸಂಪಾದಕರು ಓದಿ, ಕೆಂಪು ಪೆನ್ನನ್ನು ಮೇಜಿನ ಮೇಲಿಟ್ಟು, 'ನೀನು ಹೋದಾಗ ಅವನ ತಾಯಿ ಏನು ಮಾಡುತ್ತಿದ್ದರು?' ಎಂದು ಕೇಳಿದರು. ಮಗನ ಕಪ್ಪು ತಗಡಿನ ಟ್ರಂಕನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು. ಬಿಳಿ ಬಣ್ಣದಲ್ಲಿ ಬರೆದ ಅವನ ಹೆಸರಿನ ಮೇಲೆ ಮಾತ್ರ ಬಟ್ಟೆ ತಾಗದಂತೆ ಸುತ್ತಲೂ ಒರೆಸುತ್ತಿದ್ದರು. ಹಾಗೆಂದೆ. 'ಅದು ಎಲ್ಲಿದೆ ಇದರಲ್ಲಿ?' ಎಂದರು. ಇರಲಿಲ್ಲ. ಮರುದಿನ ಅಚ್ಚಾದದ್ದು ಒಂದೂವರೆ ಹಾಳೆ, ಮತ್ತು ನಾಲ್ಕು ದಿನ ನಾನು ಅವರ ಮುಖ ನೋಡಲಿಲ್ಲ.

ಕನ್ನಡದಲ್ಲಿ ವೀರನ ಬಗ್ಗೆ ಬರೆಯುವಾಗ ಅಬ್ಬರಿಸಲೇಬೇಕೆಂದು ನಮಗೆ ಯಾರು ಕಲಿಸಿದರೋ ಕಾಣೆ. ನಮ್ಮ ವೀರಗಲ್ಲುಗಳನ್ನು ನೋಡಿ: ತುರುಗಳನ್ನು ಮರಳಿಸಿ ಸತ್ತ ಎಂದು ಹೇಳಿ ಸುಮ್ಮನಾಗುವ ಕಲ್ಲುಗಳು ಎಷ್ಟಿಲ್ಲ! ಬೆಂಗಳೂರಿನ ಹೆಸರು ಮೊದಲು ಕಾಣಿಸುವ ಬೇಗೂರಿನ ಸುಮಾರು ಕ್ರಿ.ಶ. 890ರ ಶಾಸನವೂ ಬೆಂಗಳೂರು ಕಾಳಗದಲ್ಲಿ ಸತ್ತವನ ನೆನಪಿಗಾಗಿ ನಿಂತದ್ದೇ. ಕಲ್ಲು ಕೊರೆಯುವವನಿಗೆ ಪ್ರತಿ ಅಕ್ಷರಕ್ಕೂ ಉಳಿಪೆಟ್ಟು ಬೀಳುತ್ತಿತ್ತು, ಆದ್ದರಿಂದ ವಿಶೇಷಣಗಳು ದುಬಾರಿಯಾಗಿದ್ದವು.

ಇನ್ನೊಂದು ಪದವನ್ನು ತಿದ್ದಲೇಬೇಕು. ಸಂದೀಪರಿಗೆ ಸಂದದ್ದು ನೀವು ಬರೆದಂತೆ ಪರಮವೀರ ಚಕ್ರವಲ್ಲ, ಅಶೋಕ ಚಕ್ರ. ಮೊದಲನೆಯದು ಯುದ್ಧದಲ್ಲಿ ಶತ್ರುವಿನೆದುರು ತೋರಿದ ಪರಮ ಶೌರ್ಯಕ್ಕೆ, ಎರಡನೆಯದು ರಣರಂಗದ ಹೊರಗೆ ತೋರಿದ ಅಂಥದೇ ಶೌರ್ಯಕ್ಕೆ. 2009ರ ಜನವರಿ 26ರಂದು ಅದನ್ನು ರಾಷ್ಟ್ರಪತಿ ಪ್ರತಿಭಾ ಪಾಟೀಲರಿಂದ ಸ್ವೀಕರಿಸಿದವರು ಅವರ ತಾಯಿ. ಅದೇ ಕಾರ್ಯಾಚರಣೆಯಲ್ಲಿ ಮುಂಬೈಯ ಯಹೂದಿ ಕೇಂದ್ರವಾದ ನಾರಿಮನ್ ಹೌಸ್‌ನಲ್ಲಿ ಮಡಿದ ಎನ್‌ಎಸ್‌ಜಿಯ ಹವಿಲ್ದಾರ್ ಗಜೇಂದ್ರ ಸಿಂಗ್ ಅವರಿಗೂ ಅಶೋಕ ಚಕ್ರವೇ ಸಂದಿತು. ಸ್ವಗತ ತೆಗೆದರೆ ತೆರವಾಗುವ ಹನ್ನೊಂದು ಸಾಲುಗಳಲ್ಲಿ ಒಂದನ್ನು ಅವರಿಗೆ ಕೊಡಿ. ಹತ್ತು ದಿನಗಳೊಳಗೆ ತಿದ್ದಿ ಕಳುಹಿಸಿದರೆ ಸಾಕು, ಪುಟ ಕಾದಿರಿಸಿದ್ದೇನೆ.

ಇತಿ,
ಸಂಪಾದಕ